ಯಾರನ್ನ ಕರ್ಕೊಂಡು ಬಂದ್ರಿ?

ಗೂಡು ಬೇಯುವ ನೀರಿನ ವಾಸನೆ ಗೊತ್ತಿದ್ದವರಿಗೆ
ನಾನು ಹೆಚ್ಚು ಹೇಳಬೇಕಿಲ್ಲ.
ಶಿಡ್ಲಘಟ್ಟದಲ್ಲಿ ಹನ್ನೊಂದು ವರ್ಷ
ಆ ವಾಸನೆಯ ಬೆನ್ನಿಗೆ ಅಡಗಿ ಕುಡಿದೆ.
ಬೇಸಿನ್ನಿನ ಎದುರು ಕೂತವಳ ಬಾಯಿ
ಏನು ನಾರುತ್ತಿದೆಯೆಂದು ಯಾರು ಮೂಸುತ್ತಾರೆ,
ಸತ್ತ ಹುಳು ಎಲ್ಲರ ಸೀರೆಯಲ್ಲೂ ಇರುವಾಗ?

ಹಿಡಿದುಕೊಟ್ಟದ್ದು ರೇಷ್ಮೆಯೇ.
ಕೈ ನಡುಗಿ ಎಳೆಯ ತುದಿ ಸಿಗಲಿಲ್ಲ,
ಸಿಕ್ಕಿದ್ದು ಹರಿಯಿತು.
ಮೇಸ್ತ್ರಿ ನೂರುಲ್ಲಾ ಬೈಯಲಿಲ್ಲ,
"ಮುನಿರತ್ನಾ, ಒಂದು ವಾರ ಮನೇಲಿರು" ಅಂದ.
ಬೈದಿದ್ದರೆ ಸುಲಭವಾಗುತ್ತಿತ್ತು,
ಆ ಸಿಟ್ಟಿಗೇ ಒಂದು ಪ್ಯಾಕೆಟ್ ಒಡೆಯಬಹುದಿತ್ತು.

ಮೊದಲು ಹೋದದ್ದು ಚಿಕ್ಕಬಳ್ಳಾಪುರ.
ಮೆಡಿಕಲ್ ಸ್ಟೋರಿನ ಮೇಲಿನ ಮಹಡಿ,
ಹದಿನೆಂಟು ಗಂಡಸರು, ಹದಿನೆಂಟು ಜೊತೆ ಚಪ್ಪಲಿ.
ನನ್ನದನ್ನು ಬಿಡಲು ಜಾಗ ಹುಡುಕುತ್ತಿದ್ದಾಗ
ಒಬ್ಬರು ಎದ್ದು ಬಂದು, ಬಹಳ ಮರ್ಯಾದೆಯಿಂದ,
"ಯಾರನ್ನ ಕರ್ಕೊಂಡು ಬಂದ್ರಮ್ಮ? ಯಜಮಾನ್ರನ್ನಾ?"
"ನನ್ನನ್ನ," ಅಂದೆ.
ಫ್ಯಾನು ತಿರುಗುವ ಸದ್ದು ಆಗ ಕೇಳಿಸಿತು.
ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ಟೀ ಕೊಟ್ಟರು.
ಆದರೆ ಅವತ್ತು ಒಬ್ಬನೂ ನಿಜ ಹೇಳಲಿಲ್ಲ,
ಅಕ್ಕತಂಗಿಯರ ಎದುರು ಹೇಳುವಷ್ಟನ್ನೇ ಹೇಳಿದರು.

ಪಕ್ಕದ ಕೋಣೆಯಲ್ಲಿ ಹೆಂಡತಿಯರ ಸಭೆ.
"ಅಲ್ಲಿ ಕೂತ್ಕೊಳ್ಳಿ, ನಿಮಗೆ ಒಗ್ಗುತ್ತೆ" ಅಂದರು.
ಕೂತೆ. ಒಬ್ಬಾಕೆ ಹೇಳುತ್ತಿದ್ದಳು,
ರಾತ್ರಿ ಚಿಲಕದ ಸದ್ದಾದರೆ ಸಾಕು, ಮಗು
ನಿದ್ದೆ ಬಂದ ಹಾಗೆ ಕಣ್ಣು ಮುಚ್ಚಿಬಿಡುತ್ತದೆ ಎಂದು.
ಆ ಮಗು ನನ್ನ ಮನೆಯಲ್ಲೂ ಇದೆ, ಹೆಸರು ಚರಿತ.
ಚಿಲಕ ಸದ್ದು ಮಾಡುವವಳು ನಾನು.
ಟೀ ಮುಗಿಸದೆ ಎದ್ದು ಬಂದೆ.

ಆಮೇಲೆ ಛತ್ರದಲ್ಲಿ ಎಂಟು ದಿನದ ಶಿಬಿರ.
ಕರ್ಪೂರ ಮುಟ್ಟಿಸಿ ಆಣೆ ಮಾಡಿಸಿದರು,
ಶಾಲು ಹೊದಿಸಿ ಫೋಟೋಗೆ ನಿಲ್ಲಿಸಿದರು.
ಕೆಲವರು ಅಲ್ಲಿಂದಲೇ ನೆಟ್ಟಗಾದರಂತೆ, ಇರಬಹುದು.
ನನ್ನ ಆಣೆ ಇಪ್ಪತ್ತಮೂರು ದಿನ ಬಾಳಿತು.
ಮೊದಲು ಕುಡಿತವೊಂದೇ ಇತ್ತು,
ಈಗ ಸುಳ್ಳಾಣೆಯೂ.

ಚಿಂತಾಮಣಿಯ ನಂಬರು ಕೊಟ್ಟದ್ದು
ಸರ್ಕಾರಿ ಆಸ್ಪತ್ರೆಯ ನರ್ಸು, ಬಸ್ ಟಿಕೆಟ್ಟಿನ ಬೆನ್ನ ಮೇಲೆ.
ಕೊನೆಯ ಅಂಕಿ ಒಂದೋ ಏಳೋ ತಿಳಿಯದೆ
ಮೊದಲ ಸಲ ಯಾರೋ ಟೊಮೆಟೊ ಮಂಡಿಯವರಿಗೆ ಹೋಯಿತು.
ಎರಡನೇ ಸಲ ಎತ್ತಿದ ದನಿ ತೆಲುಗಲ್ಲಿ
"ರಾಮ್ಮಾ, ಊರಿಕೇ ರಾ" ಅಂದಿತು.
ಸುಮ್ಮನೆ ಬಾ, ಅಷ್ಟೆ.

ಅಂಗನವಾಡಿ ಕೋಣೆ, ಭಾನುವಾರ ನಾಲ್ಕು ಗಂಟೆ.
ಮಕ್ಕಳ ಕುರ್ಚಿಗಳು; ಮಂಡಿ ಗಲ್ಲಕ್ಕೆ ತಾಗುತ್ತವೆ.
ಗೋಡೆಯ ಮೇಲೆ ಅ ಅಳಿಲು, ಆ ಆನೆ.
ಏಳು ಹೆಂಗಸರು. ರಿಟೈರಾದ ಡ್ರಾಯಿಂಗ್ ಮೇಡಂ,
ಹೂ ಕಟ್ಟುವವಳು,
ಬುರ್ಖಾ ಮಡಚಿ ಮಡಿಲಲ್ಲಿ ಇಟ್ಟುಕೊಂಡವಳು.
ಇದಕ್ಕಿಂತ ಗುರುತು ಬೇಡ, ಅದು ಅಲ್ಲಿಯ ಕಟ್ಟಳೆ.
ಬಾಗಿಲಲ್ಲಿ ನಿಂತವಳನ್ನು ಯಾರೂ ಏನೂ ಕೇಳಲಿಲ್ಲ.
ಒಬ್ಬಳು ಕುರ್ಚಿ ಸರಿಸಿದಳು.

ಮೂರು ವಾರ ಬಾಯಿ ಬಿಡಲಿಲ್ಲ.
ನಾಲ್ಕನೇ ವಾರ, ಯಾಕೋ, ರಾಗಿ ಡಬ್ಬದ ಸುದ್ದಿ ಹೇಳಿದೆ:
ಹಿಟ್ಟಿನೊಳಗೆ ಮೊಣಕೈವರೆಗೆ ಕೈ ಇಳಿಸಿ
ಪ್ಯಾಕೆಟ್ ಎತ್ತುತ್ತಿದ್ದದ್ದು, ಮಗಳು ನೋಡಿದರೆ
ಮುದ್ದೆಗೆ ಹಿಟ್ಟು ತೆಗೀತಿದ್ದೀನಿ ಅನ್ನುತ್ತಿದ್ದದ್ದು.
ರಾತ್ರಿ ಹನ್ನೊಂದಕ್ಕೆ ಎಂಥ ಮುದ್ದೆ.

ಒಂದು ಗಳಿಗೆ ಎಲ್ಲ ಸುಮ್ಮನೆ. ಆಮೇಲೆ ಮೇಡಂ,
"ನಂದು ಬ್ರಷ್ ತೊಳೆಯೋ ಡಬ್ಬಿ" ಅಂದರು.
"ನಂದು ಹೊಲಿಗೆ ಮಷೀನಿನ ಡ್ರಾಯರ್."
"ತುಳಸಿ ಕಟ್ಟೆ ಹಿಂದೆ, ತಪ್ಪಾಯ್ತು ತಾಯಿ."
"ಅತ್ತೆ ಮಂಚದ ಕೆಳಗೆ, ಅವಳದೇ ಕಷಾಯದ ಸೀಸೆ!"
ಪಕ್ಕದ ಮನೆಯ ನಾಯಿ ಬೊಗಳುವಷ್ಟು ನಕ್ಕೆವು.
ಒಬ್ಬಳು ನಗುನಗುತ್ತಲೇ ಅಳತೊಡಗಿದಳು,
ಯಾರೂ ತಡೆಯಲಿಲ್ಲ.

ಆರೂವರೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು
ಬೆರಳು ಚಾಚಿ ನೋಡಿಕೊಂಡೆ.
ನಡುಗುತ್ತಿವೆ, ಮೊದಲಿನಷ್ಟಲ್ಲ,
ಇಲ್ಲಾ ಬಸ್ಸಿನದೇ ನಡುಕವೋ ಏನೋ.

ಒಂದನ್ನು ಮಾತ್ರ ಹೇಳಿರಲಿಲ್ಲ:
ಡಬ್ಬದ ತಳದಲ್ಲಿ ಇನ್ನೂ ಒಂದು ಇದೆ.
ಅದನ್ನು ಮುಂದಿನ ಭಾನುವಾರಕ್ಕೆ
ಇಟ್ಟುಕೊಂಡಿದ್ದೇನೆ.